ನಕಾಶೆಯಲ್ಲುಂಟು, ನೆಲದಲ್ಲಿಲ್ಲ

ಚಿತ್ರದುರ್ಗ ಸೀಮೆಯ ಊರೂರ ನಕಾಶೆಯಲ್ಲೂ ಕಾಲುದಾರಿ, ಬಂಡಿದಾರಿಗಳು ಚುಕ್ಕಿ ಚುಕ್ಕಿಯಾಗಿ ಇಂದಿಗೂ ಇವೆ. ತೋಟಕ್ಕೆ ತಂತಿ ಬೇಲಿ ಬಿದ್ದ ಮೇಲೆ ನೆಲದಲ್ಲಿ ಹುಡುಕಿದರೆ ಸಿಗುವುದಿಲ್ಲ. ಮುಂಗಾರು ಬಂತೆಂದರೆ ತಾಲ್ಲೂಕು ಕಚೇರಿಯಲ್ಲಿ ದಾರಿಯದೇ ತಕರಾರು. ಈ ದಾರಿಗಳು ಯಾರವು? ಹೋದದ್ದೆಲ್ಲಿಗೆ?

ರೋಹಿಣಿ ಮಳೆ ಬಿದ್ದು ಎರಡು ದಿನ. ನೆಲ ಹದಕ್ಕೆ ಬಂದಿದೆ. ಅಡಿಕೆ ತೋಟದ ತಂತಿ ಬೇಲಿಯ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿದೆ. ಟ್ರೈಲರಿನಲ್ಲಿ ಗೊಬ್ಬರದ ಚೀಲ, ಮೆಕ್ಕೆಜೋಳದ ಬೀಜ. ಬಿತ್ತಬೇಕಾದ ಹೊಲ ಇರುವುದು ತೋಟದ ಆಚೆ.

ಜೀಪಿನ ಬಾನೆಟ್ ಮೇಲೆ ಸರ್ವೆಯರ್ ಗ್ರಾಮ ನಕಾಶೆ ಹರವಿದ್ದಾರೆ. ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲು. ಹತ್ತು ಹದಿನೈದು ತಲೆ ಅದರ ಮೇಲೆ ಬಗ್ಗಿವೆ. ಸರ್ವೆಯರ್ ಬೆರಳು ಎರಡು ಸಾಲು ಚುಕ್ಕಿಯ ಮೇಲೆ ನಿಧಾನಕ್ಕೆ ಸರಿಯುತ್ತದೆ. ಹಳ್ಳದ ದಂಡೆಯಲ್ಲಿ ಹೊರಟು, ನಾಲ್ಕಾರು ಸರ್ವೆ ನಂಬರುಗಳ ನಡುವೆ ತೂರಿ, ಪಕ್ಕದೂರಿನ ಗಡಿಕಲ್ಲು ಮುಟ್ಟುವ ಬಂಡಿದಾರಿ ಅದು. ಯಂತ್ರ ಇಟ್ಟು ಅಳೆದರೆ ಆ ಚುಕ್ಕಿಸಾಲು ನೇರ ತೋಟದೊಳಗೆ, ಫಸಲಿಗೆ ಬಂದ ಮರಗಳ ಬುಡದಲ್ಲಿ ಹಾಯುತ್ತದೆ.

“ನಮ್ಮಪ್ಪನ ಕಾಲದಾಗೆ ಇಲ್ಲೇ ಗಾಡಿ ಓಡಾಡ್ತಿದ್ವು ಸಾರ್” ಎನ್ನುತ್ತದೆ ಒಂದು ಕಡೆ.

“ನಾನು ಬುದ್ಧಿ ಬಂದಾಗಿಂದ ಇಲ್ಲಿ ದಾರಿನೇ ನೋಡಿಲ್ಲ. ಬೇಕಿದ್ರೆ ಪಹಣಿ ನೋಡ್ರಿ” ಎನ್ನುತ್ತದೆ ಇನ್ನೊಂದು ಕಡೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತಮಾಷೆ ಎಂದರೆ ಇದೇ.

ಊರ ಹೆಸರು ಬೇಡ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ, ಈ ನಾಲ್ಕು ತಾಲ್ಲೂಕಿನ ಯಾವ ಹೋಬಳಿಗಾದರೂ ಬಿತ್ತನೆ ಹೊತ್ತಿಗೆ ಹೋಗಿ. ಇಂಥದೊಂದು ಗುಂಪು, ಇಂಥದೊಂದು ಬೇಲಿ, ಇದೇ ಎರಡು ಮಾತು ಸಿಗುತ್ತವೆ.

ನಡೆದವರ ಸೀಮೆ

ಚಿತ್ರದುರ್ಗ ಹಿಂದಿನಿಂದಲೂ ದಾರಿಹೋಕರ ಸೀಮೆ. ಮೊಳಕಾಲ್ಮುರು ಕಡೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನಗಳು ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆಗಳು. ಹೊತ್ತು ತಂದವರಿಗೆ ದಾರಿ ಇದ್ದಿರಲೇಬೇಕು. ದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಮಣ್ಣಿನಿಂದೆದ್ದವು. ಸಮುದ್ರ ದಾಟಿದ ದುಡ್ಡು ಬಯಲುಸೀಮೆಯ ಈ ಬಂಡೆಗಳ ನಡುವಿಗೆ ಬಂದದ್ದು ಹೇರೆತ್ತು, ತಲೆಹೊರೆಗಳ ದಾರಿಯಲ್ಲೇ.

ಆಮೇಲೆ ಬಂದವರು ಲಂಬಾಣಿಗಳು. ಎತ್ತುಗಳ ಬೆನ್ನಿಗೆ ಉಪ್ಪು, ದವಸ ಹೇರಿಕೊಂಡು ಹಿಂಡುಹಿಂಡಾಗಿ ನಡೆದರು. ದಂಡಿನ ಹಿಂದೆಯೂ ನಡೆದರು. ಗಾಡಿ ರಸ್ತೆ, ರೈಲು ಬಂದ ಮೇಲೆ ಆ ಕಸುಬು ಮುಗಿಯಿತು. ಹೊಳಲ್ಕೆರೆ, ಹೊಸದುರ್ಗದ ಗುಡ್ಡದ ತಪ್ಪಲಿನ ತಾಂಡಾಗಳು ಆ ನಡಿಗೆ ನಿಂತ ಜಾಗಗಳು.

ದನಗಳದ್ದು ಇನ್ನೊಂದು ಜಾಲ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ‘ಅಮೃತ ಮಹಲ್’ ಎಂದು ಕರೆದ. ಅದರ ದನಗಳು ಬೇಸಿಗೆಗೆ ಒಂದು ಕಾವಲು (ಹುಲ್ಲುಗಾವಲು), ಮಳೆಗಾಲಕ್ಕೆ ಇನ್ನೊಂದು, ಚಳಿಗೆ ಮತ್ತೊಂದು ಎಂದು ಸುತ್ತುತ್ತಿದ್ದವು. ಕಾವಲಿನಿಂದ ಕಾವಲಿಗೆ ಹೋಗುವ ದಾರಿಯೂ ಕಾವಲಿನಷ್ಟೇ ಮುಖ್ಯ. ಕಾಡುಗೊಲ್ಲರ ಹಟ್ಟಿಗಳು, ಮ್ಯಾಸಬೇಡರ ದೇವರೆತ್ತುಗಳು, ಕುರುಬರ ಕುರಿಮಂದೆ ಎಲ್ಲ ಇದೇ ಬಯಲಿನಲ್ಲಿ ನಡೆದಾಡಿದವು. ಯಾರ ಹೊಲದಲ್ಲಿ ಎಷ್ಟು ದಿನ ಕುರಿ ಮಂದೆ ಹಾಕಬೇಕು ಎಂದು ಚೌಕಾಸಿ ನಡೆಯುತ್ತಿತ್ತೇ ಹೊರತು, ಹೊಲ ದಾಟಬಹುದೇ ಎಂದು ಯಾರೂ ಕೇಳುತ್ತಿರಲಿಲ್ಲ.

ಚೌಕಟ್ಟು: ಕೋಟೆಯ ಕಳ್ಳದಾರಿ

ನಾಡಿನಲ್ಲೇ ಹೆಸರಾದ ಕಾಲುದಾರಿ ಒಂದಿದ್ದರೆ ಅದು ಚಿತ್ರದುರ್ಗದ ಓಬವ್ವನ ಕಿಂಡಿ. ಒಬ್ಬರು ನುಸುಳುವಷ್ಟೇ ಬಂಡೆಯ ಸಂದು. ಹಾಲು ಮೊಸರು ಮಾರುವ ಹೆಂಗಸು ಅದರೊಳಗೆ ನುಸುಳಿದ್ದನ್ನು ಹೈದರಾಲಿಯ ಸೈನಿಕರು ಕಂಡರು ಎಂಬುದು ಜನ ಹೇಳುವ ಕಥೆ. ಅಲ್ಲಿನ ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಕುಳಿತಿದ್ದ. ನೀರಿಗೆ ಹೋದ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತಳು. ಏಳು ಸುತ್ತಿನ ಈ ಕೋಟೆಗೆ 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳದಾರಿ, ಕಣ್ಣಿಗೆ ಕಾಣದ 4 ದಾರಿ ಎಂಬುದು ವಾಡಿಕೆಯ ಲೆಕ್ಕ. ಮದಕರಿನಾಯಕನ ಕೋಟೆ ಹೈದರನ ಕೈಗೆ ಹೋದದ್ದು 1779ರಲ್ಲಿ. ಮೊಸರು ಮಾರುವವಳ ದಾರಿಯನ್ನು ಕಾವಲುಗಾರರು ಮುಚ್ಚದೆ ಬಿಟ್ಟಿದ್ದರು ಎಂಬುದನ್ನು ಗಮನಿಸಿ. ಆ ದಾರಿ ಮುಚ್ಚಿದರೆ ಕೋಟೆಯೊಳಗೆ ಮೊಸರಿಲ್ಲ.

ಸರಪಳಿ ಬಂತು, ಚುಕ್ಕಿ ಬಿತ್ತು

ದಾರಿ ಕಾಗದಕ್ಕೆ ಇಳಿದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೂ ಮುಂಚೆ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಮೈಸೂರು ಸೀಮೆಗೆ ದೊಡ್ಡ ರಸ್ತೆಗಳು ಬಂದಿದ್ದವು. ಬೆಂಗಳೂರಿನಿಂದ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ಹರಿಹರಕ್ಕೆ ಹೋಗುವ ಹಾದಿ ಇಂದಿನ ರಾಷ್ಟ್ರೀಯ ಹೆದ್ದಾರಿ 48ರ ಅಜ್ಜ. ಅದರ ಚರಿತ್ರೆ ಬರೆದವರು ಬಹಳ ಮಂದಿ. ನಮಗೆ ಬೇಕಾದದ್ದು ಅದರ ಎಡಬಲಕ್ಕೆ ಒಡೆದುಕೊಂಡು ಹೊಲದೊಳಗೆ ಮಾಯವಾಗುವ ಸಣ್ಣ ದಾರಿಗಳ ಕಥೆ.

ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಬೊಂಬಾಯಿ ಮಾದರಿಯ ಕಂದಾಯ ಸರ್ವೆ ಮೈಸೂರಿಗೆ ಬಂತು. ಶುರುವಾದದ್ದು ಈ ಚಿತ್ರದುರ್ಗ ಸೀಮೆಯಿಂದಲೇ. ಸರಪಳಿಯ ಉದ್ದ 33 ಅಡಿ. ಸರಪಳಿ ಉದ್ದ, ಸರಪಳಿ ಅಗಲ ಅಂದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಇಂದಿಗೂ ನಮ್ಮ ರೈತ ಹೊಲವನ್ನು ಮಾತನಾಡುವುದು ಆ ಸರಪಳಿಯ ಭಾಷೆಯಲ್ಲೇ.

ಸರ್ವೆಯವರು ಹೊಲ ಅಳೆದು ಟಿಪ್ಪಣಿ ಬರೆದರು, ಬಾಂದು ಕಲ್ಲು ನೆಟ್ಟರು, ಊರಿಗೊಂದು ನಕಾಶೆ ಮಾಡಿದರು. ಅವರಿಗೆ ಬೇಕಾಗಿದ್ದದ್ದು ದಾರಿ ಅಲ್ಲ, ಕಂದಾಯ. ಕಂದಾಯ ಹಾಕಲಾಗದ ನೆಲವನ್ನು ಕಳೆಯಬೇಕಲ್ಲ? ಹಾಗೆ ಕಳೆದದ್ದಕ್ಕೆ ‘ಖರಾಬು’ ಎಂದರು. ಉಳುಮೆಗೆ ಬಾರದ ಕಲ್ಲು, ಕೊರಕಲು, ಹೊಲದ ಮನೆ ಇವೆಲ್ಲ ‘ಎ’ ಖರಾಬು. ಹಳ್ಳ, ಕೆರೆ, ಸ್ಮಶಾನ, ರಸ್ತೆ, ಮಾನ್ಯ ಮಾಡಿದ ಕಾಲುದಾರಿ ‘ಬಿ’ ಖರಾಬು. ‘ಎ’ ಹೊಲದವನದೇ, ತೆರಿಗೆ ಇಲ್ಲ ಅಷ್ಟೆ. ‘ಬಿ’ ಊರಿನದು. ಈಗಲೂ 1966ರ ಕರ್ನಾಟಕ ಭೂಕಂದಾಯ ನಿಯಮಗಳು ಇದನ್ನೇ ಹೇಳುತ್ತವೆ.

ಹೀಗೆ, ತೆರಿಗೆ ಲೆಕ್ಕದ ಕಳೆಯುವಿಕೆಯಲ್ಲಿ ನಮ್ಮ ದಾರಿಗಳು ಬದುಕಿಕೊಂಡವು. ರೈತರ ಮೇಲಿನ ಕರುಣೆಯಿಂದ ಯಾರೂ ಚುಕ್ಕಿ ಹಾಕಲಿಲ್ಲ.

ಚೌಕಟ್ಟು: ನಕಾಶೆ ಓದುವ ಬಗೆ

ಒಂದೇ ಸಾಲು ಚುಕ್ಕಿ ಇದ್ದರೆ ಕಾಲುದಾರಿ. ಜೋಡಿ ಸಾಲು ಚುಕ್ಕಿ ಇದ್ದರೆ ಬಂಡಿದಾರಿ. ಜೋಡಿ ಗೆರೆ ಇದ್ದರೆ ರಸ್ತೆ. ಗ್ರಾಮ ನಕಾಶೆ ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ‘ದಿಶಾಂಕ್’ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ನಿಂತಿರುವ ಸರ್ವೆ ನಂಬರ್ ಮೊಬೈಲಿನಲ್ಲೇ ಕಾಣುತ್ತದೆ. ಇದು ಅಂದಾಜಿಗೆ ಮಾತ್ರ. ತಕರಾರಿಗೆ ಸರ್ವೆಯರ್ ಅಳತೆಯೇ ಆಗಬೇಕು. ಖರಾಬು ಎಷ್ಟು ಗುಂಟೆ ಎಂಬುದು ಆಕಾರಬಂದ್‌ನಲ್ಲೂ ಪಹಣಿಯಲ್ಲೂ ಇರುತ್ತದೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮೂರು ತರಹದ ದಾರಿ

ಹಳ್ಳಿಯಲ್ಲಿ ದಾರಿ ಎಂದರೆ ಒಂದೇ ಅಲ್ಲ. ಮೊದಲನೆಯದು ‘ನಕಾಶೆ ಕಂಡ ದಾರಿ’. ತಾಲ್ಲೂಕು ಕಚೇರಿಯ ಅರ್ಜಿಗಳಲ್ಲಿ ಈ ಮಾತು ಮಂತ್ರದಂತೆ ಬರುತ್ತದೆ. 1964ರ ಭೂಕಂದಾಯ ಕಾಯ್ದೆಯ 67ನೇ ಪ್ರಕರಣದ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ಉತ್ತ ಮಾತ್ರಕ್ಕೆ ಅದು ಹೊಲದವನದಾಗುವುದಿಲ್ಲ. ಬಳಕೆಗೆ ಬೇಡವಾದ ದಾರಿಯ ಹಕ್ಕು ರದ್ದಾಗಬೇಕಾದರೂ 68ನೇ ಪ್ರಕರಣದಂತೆ ಪ್ರಕಟಣೆ ಹೊರಡಿಸಿ, ತಕರಾರು ಕೇಳಿ, ಆಮೇಲೆ ಆದೇಶ ಆಗಬೇಕು.

ಎರಡನೆಯದು ‘ರೂಢಿ ದಾರಿ’. ನಕಾಶೆಯಲ್ಲಿಲ್ಲ, ತಲೆತಲಾಂತರದಿಂದ ನಡೆದ ಗುರುತಿದೆ. ದೇವರನ್ನು ಹೊಳೆಗೆ ಹೊರಡಿಸುವ ದಾರಿ, ದನ ನೀರಿಗೆ ಇಳಿಯುವ ದಾರಿ, ಕಣಕ್ಕೆ ಹೊರೆ ಹೊತ್ತು ಬರುವ ದಾರಿ. 1882ರ ಸುಖಾನುಭೋಗ ಕಾಯ್ದೆ ಇದಕ್ಕೆ ಬಾಗಿಲು ತೆರೆದಿಟ್ಟಿದೆ: 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ತಂಟೆಯಿಲ್ಲದೆ, ತನ್ನ ಹಕ್ಕೆಂದೇ ನಡೆದಿದ್ದರೆ ಅದು ಹಕ್ಕು. ನೆಲ ಸರ್ಕಾರದ್ದಾದರೆ 30 ವರ್ಷ. ಸಿಕ್ಕ ಹಕ್ಕನ್ನು 20 ವರ್ಷ ಬಳಸದೇ ಬಿಟ್ಟರೆ ಹೋಯಿತು.

ಮೂರನೆಯದಕ್ಕೆ ಕಾನೂನಿನಲ್ಲಿ ಹೆಸರಿದೆ, ಬೆಲೆ ಇಲ್ಲ. ಅದು ‘ಹೋಗಲಿ ಬಿಡು’ ದಾರಿ. “ಏ, ಬದು ಮೇಲೆ ಹೋಗಪ್ಪಾ, ಯಾರು ಬ್ಯಾಡ ಅಂತಾರೆ?” ಎಂದು ಹೊಲದವನು ಒಮ್ಮೆ ಹೇಳಿರುತ್ತಾನೆ. ಅಜ್ಜ ಹೇಳಿದ್ದು ಮೊಮ್ಮಗನವರೆಗೆ ನಡೆದಿರುತ್ತದೆ. ಹಾಗೆ ನಡೆದ ನಲವತ್ತು ವರ್ಷವೂ ಅನುಮತಿ. ಅನುಮತಿಯಿಂದ ನಡೆದದ್ದು ಹಕ್ಕಾಗುವುದಿಲ್ಲ. ಅಂದರೆ, ಯಾರನ್ನೂ ಕೇಳದೆ ತನ್ನ ಹಕ್ಕೆಂದು ನಡೆದವನಿಗೆ ಕೋರ್ಟಿನಲ್ಲಿ ಸಿಗುವ ಆಸರೆ, ಒಳ್ಳೆಯ ನೆರೆಯವನ ಮಾತು ನಂಬಿ ನಡೆದವನಿಗೆ ಸಿಗುವುದಿಲ್ಲ. ದುರ್ಗದ ಸೀಮೆಯಲ್ಲಿ ಎಷ್ಟೋ ಹೊಲಗಳ ದಾರಿ ಈ ಮೂರನೆಯ ಬಗೆಯದು. ತಲೆಮಾರು ಬದಲಾದಾಗ, ಹೊಲ ಬೆಂಗಳೂರಿನವರಿಗೆ ಮಾರಾಟವಾದಾಗ, ಆ ಮಾತು ಕ್ರಯಪತ್ರದಲ್ಲಿ ಬರುವುದಿಲ್ಲ.

ಇನ್ನೂ ಒಂದು ತೊಡಕು ದಾಯಾದಿಗಳದ್ದು. ರಸ್ತೆ ಬದಿಯ ಎಂಟು ಎಕರೆಯನ್ನು ನಾಲ್ಕು ಜನ ಅಣ್ಣತಮ್ಮಂದಿರು ಹಂಚಿಕೊಳ್ಳುತ್ತಾರೆ. ಪಾಲುಪತ್ರದಲ್ಲಿ ಬಾವಿ ಬರೆಯುತ್ತಾರೆ, ಹುಣಸೆ ಮರ ಬರೆಯುತ್ತಾರೆ, ದಾರಿ ಬರೆಯುವುದಿಲ್ಲ. ಅಣ್ಣನ ಹೊಲ ದಾಟದೆ ತಮ್ಮ ಎಲ್ಲಿಗೆ ಹೋದಾನು ಎಂಬ ನಂಬಿಕೆ. ಬೇರೆ ದಾರಿಯೇ ಇಲ್ಲದಿದ್ದರೆ ಅಗತ್ಯದ ಹಕ್ಕೆಂದು ಕೋರ್ಟು ಕೊಡಬಹುದು. ಸುತ್ತು ದಾರಿ ಒಂದಿದ್ದರೂ ಅದು ಸಿಗುವುದು ಕಷ್ಟ. ಅನುಕೂಲ ಬೇರೆ, ಅಗತ್ಯ ಬೇರೆ ಎನ್ನುತ್ತದೆ ಕಾನೂನು.

ದಾರಿ ನುಂಗಿದ್ದು ಯಾರು?

ಒತ್ತುವರಿ ಎಂದ ಕೂಡಲೇ ದುರಾಸೆ ಎನ್ನುವುದು ಸುಲಭ. ದುರಾಸೆ ಇದೆ. ವರ್ಷಕ್ಕೊಂದು ನೇಗಿಲ ಸಾಲು ಒಳಗೆ ಸರಿದು, ಕತ್ತಾಳೆ ಬೇಲಿಯ ಓಣಿ ಬದುವಾಗಿ, ಬದು ಹೊಲವಾದದ್ದನ್ನು ಯಾವ ಊರಿನ ಹಿರಿಯರೂ ಹೇಳುತ್ತಾರೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯನ್ನು ಕೆಲವರು ಅಕ್ಷರಶಃ ಪಾಲಿಸಿದ್ದಾರೆ.

ಆದರೆ ನಿಜವಾದ ಕಾರಣ ಬೆಳೆ ಬದಲಾದದ್ದು.

ಮಳೆ ನಂಬಿದ ಹೊಲಕ್ಕೆ ವರ್ಷದಲ್ಲಿ ಎರಡು ರೂಪ. ರಾಗಿ, ಸಜ್ಜೆ, ಶೇಂಗಾ, ಹುರುಳಿ ನಿಂತಿರುವಾಗ ಹೊಲ ಒಬ್ಬನದು. ಸುಗ್ಗಿ ಮುಗಿದು ಕಣ ಎತ್ತಿದ ಮೇಲೆ, ಯುಗಾದಿ ಕಳೆದು ಮುಂಗಾರು ಬೀಳುವ ತನಕ, ಅದೇ ಹೊಲ ಬಯಲು. ಕುರಿ ಬರುತ್ತದೆ, ದನ ಬರುತ್ತದೆ, ಗೊಬ್ಬರದ ಗಾಡಿ ಅಡ್ಡಹಾಯುತ್ತದೆ. ನಾಲ್ಕೈದು ತಿಂಗಳು ಇಡೀ ಸೀಮೆಯೇ ದಾರಿ. ಆ ದಿನಗಳಲ್ಲಿ ಗೊಬ್ಬರ ಹೊಡೆದುಕೊಂಡರೆ ಉಳಿದ ಕಾಲಕ್ಕೆ ಬದುವಿನ ಮೇಲೆ ನಡೆದರೂ ಸಾಕಿತ್ತು. ಆಗ ದಾರಿಗೆ ಕಾಗದ ಬೇಕಿರಲಿಲ್ಲ.

ಕೊಳವೆಬಾವಿ ಬಂದು ಈ ಲಯ ಮುರಿಯಿತು. ಹೊಳಲ್ಕೆರೆ, ಹೊಸದುರ್ಗದಲ್ಲಿ ಅಡಿಕೆ, ತೆಂಗು ಹಬ್ಬಿದವು. ಹಿರಿಯೂರು ಕಡೆಗೆ ದಾಳಿಂಬೆಯೂ ಸೇರಿತು. ತೋಟಕ್ಕೆ ಸುಗ್ಗಿಯ ಬಿಡುವಿಲ್ಲ. ಹನಿ ನೀರಾವರಿಯ ಪೈಪಿನ ಮೇಲೆ ಗಾಡಿ ಹೋಗುವಂತಿಲ್ಲ, ಸಸಿಗೆ ಕುರಿ ಬಾಯಿ ಹಾಕುವಂತಿಲ್ಲ. ಕಲ್ಲುಕಂಬ, ಮುಳ್ಳುತಂತಿ ಬಿತ್ತು. ಹನ್ನೆರಡು ತಿಂಗಳೂ ಬಾಗಿಲು ಮುಚ್ಚಿತು.

ಇತ್ತ ಒಳಗಿನ ಹೊಲದವನ ಅಗತ್ಯವೂ ಬೆಳೆದಿದೆ. ತಲೆಹೊರೆಯಲ್ಲಿ ತರುತ್ತಿದ್ದವನಿಗೆ ಈಗ ಟ್ರ್ಯಾಕ್ಟರ್ ಬೇಕು, ಬೋರ್ ಕೊರೆಯುವ ಲಾರಿ ಬೇಕು, ಈರುಳ್ಳಿ ತುಂಬಲು ಕ್ಯಾಂಟರ್ ಬೇಕು. ಕಾಲುದಾರಿಯ ಹಕ್ಕಿನಲ್ಲಿ ಗಾಡಿ ಹಕ್ಕು ಸೇರಿಲ್ಲ. ಒಂದು ಬಗೆಯ ದಾರಿ ಹಕ್ಕಿನೊಳಗೆ ಇನ್ನೊಂದು ಬಗೆಯದು ಬರುವುದಿಲ್ಲ ಎಂದು ಸುಖಾನುಭೋಗ ಕಾಯ್ದೆಯೇ ಹೇಳಿದೆ. ಕೇಳಿದವನು ಹನ್ನೊಂದು ಅಡಿ ಕೇಳುತ್ತಾನೆ ಎನ್ನಿ. ಚೌಕಾಕಾರದ ಒಂದು ಎಕರೆಯ ಒಂದು ಮಗ್ಗುಲಿಗೆ ಅಷ್ಟು ಬಿಟ್ಟರೆ ಹೋಗುವುದು ಎರಡು ಗುಂಟೆಗೂ ಮೇಲೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆಯಾದರೆ ಇಪ್ಪತ್ತೈದು ಮರದ ಆಸುಪಾಸು. ಒಂದೆರಡು ಎಕರೆಯ ಹಿಡುವಳಿದಾರ ಅದಕ್ಕೆ ಒಪ್ಪದಿದ್ದರೆ ಅವನನ್ನು ಖಳನಾಯಕ ಎನ್ನಲು ನನಗೆ ಮನಸ್ಸಿಲ್ಲ. ನಕಾಶೆಯಲ್ಲಿ ಚುಕ್ಕಿ ಇದ್ದೂ ಮರ ನೆಟ್ಟವನ ವಿಷಯ ಬೇರೆ.

ಗೋಡೆ, ನೀರು, ಹಳಿ

ಬೇಲಿ ಹಾಕಿದ್ದು ರೈತ ಮಾತ್ರವಲ್ಲ. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದವುಗಳಿಗೆ ಹೋಯಿತು. ವರವು ಕಾವಲು, ಕುದಾಪುರದ ಸುತ್ತ ಉದ್ದಾನುದ್ದ ಕಾಂಪೌಂಡ್ ಎದ್ದಿತು. ಕುರಿ, ದನ ಮೇಯುವ ನೆಲದ ಜೊತೆಗೆ ಊರಿಂದೂರಿಗೆ ಅಡ್ಡಹಾಯುವ ದಾರಿಗಳೂ ಗೋಡೆಯೊಳಗೆ ಉಳಿದವು. ಜನ ಹಸಿರು ನ್ಯಾಯಮಂಡಳಿಯವರೆಗೆ ಹೋದರು. ನಾಡಿಗೆ ವಿಜ್ಞಾನ ಬೇಕು, ನಿಜ. ಕಾವಲನ್ನು ‘ಖಾಲಿ ಜಾಗ’ ಎಂದು ಬರೆದುಕೊಂಡವರು ಅಲ್ಲಿ ಒಮ್ಮೆ ನಡೆದು ನೋಡಬೇಕಿತ್ತು.

ಹಿರಿಯೂರಿನ ಮಾರಿಕಣಿವೆಯ ಕಥೆ ವಿಚಿತ್ರ. ಎರಡು ಗುಡ್ಡಗಳ ನಡುವೆ ವೇದಾವತಿ ನುಸುಳುವ ಕಣಿವೆಗೆ 1898ರಲ್ಲಿ ಅಡ್ಡಗಟ್ಟೆ ಕೆಲಸ ಶುರುವಾಗಿ 1907ಕ್ಕೆ ಮುಗಿಯಿತು. ವಾಣಿವಿಲಾಸ ಸಾಗರ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ 130 ಅಡಿ ಮುಟ್ಟಿ ಕೋಡಿ ಹರಿದದ್ದು 2022ರ ಸೆಪ್ಟೆಂಬರ್‌ನಲ್ಲಿ, ಮೂರನೇ ಸಲ 2025ರ ಜನವರಿಯಲ್ಲಿ. ಮೊದಲ ಎರಡು ಕೋಡಿಗಳ ನಡುವೆ ಸುಮಾರು 89 ವರ್ಷ. ನೀರು ಬಾರದ ಅಂಚಿನಲ್ಲಿ ಅಷ್ಟೂ ಕಾಲ ಜನ ಬಿತ್ತಿದರು, ನಡೆದರು. ನೀರು ತುಂಬಿದಾಗ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಊರುಗಳಲ್ಲಿ ತೋಟವೂ ಮುಳುಗಿತು, ರಸ್ತೆಯೂ ಮುಳುಗಿತು. ಹಿರಿಯೂರಿನಲ್ಲಿ ಬಾಗಿನ ಅರ್ಪಿಸುವಾಗ ಹಿನ್ನೀರಿನವರು ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಮೂರು ತಲೆಮಾರು ನಡೆದ ದಾರಿಯಾದರೂ ನೆಲ ಜಲಾಶಯದ್ದು.

ಹೆದ್ದಾರಿ ಅಗಲವಾದಾಗ, ರೈಲು ಹಳಿ ಬಿದ್ದಾಗ, ಈಗ ಭದ್ರಾ ಮೇಲ್ದಂಡೆಯ ಕಾಲುವೆ ತೋಡುವಾಗ ಆಗುವುದೂ ಇದೇ. ಯೋಜನೆಯ ಕಾಗದದಲ್ಲಿ ಕತ್ತರಿಸಿದ ಹೊಲಕ್ಕೆ ಪರಿಹಾರ ಇದೆ. ಕತ್ತರಿಸಿದ ದಾರಿಗೆ ಒಂದು ಅಂಡರ್‌ಪಾಸ್ ಕೊಟ್ಟರೆ ದೊಡ್ಡದು. ಮಳೆಗಾಲದಲ್ಲಿ ಅದು ಕೆರೆ. ಇನ್ನು ಕಾಲುವೆಯಲ್ಲಿ ನೀರು ಬಂದ ವರ್ಷ ತೋಟಗಳು ಇಮ್ಮಡಿಯಾಗುತ್ತವೆ, ಬೇಲಿಗಳೂ. ದಾರಿ ಗುರುತಿಸುವುದಿದ್ದರೆ ನೀರು ಬರುವ ಮುಂಚೆಯೇ ಆಗಬೇಕು.

ಯಾರಿಗೆ ದಾರಿ ಇರಲಿಲ್ಲ?

‘ಮೊದಲು ಎಲ್ಲ ಚೆನ್ನಾಗಿತ್ತು, ಎಲ್ಲರೂ ಎಲ್ಲೆಡೆ ನಡೆಯುತ್ತಿದ್ದರು’ ಎಂದು ಬರೆದರೆ ಅದು ಅರ್ಧ ಸತ್ಯವೂ ಅಲ್ಲ. ಹೊಲದ ಬಯಲು ಎಲ್ಲರಿಗೂ ತೆರೆದಿದ್ದ ಕಾಲದಲ್ಲೇ ಊರೊಳಗಿನ ಬೀದಿ ಕೆಲವರಿಗೆ ಮುಚ್ಚಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕಾದ ಕೇರಿಗಳಿದ್ದವು. ತಿರುವಾಂಕೂರಿನ ವೈಕಂನಲ್ಲಿ 1924ರಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಒಳಗೆ ಹೋಗಲಿಕ್ಕಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ನಡೆಯಲಿಕ್ಕೆ. ಸಂವಿಧಾನದ 15ನೇ ವಿಧಿ ರಸ್ತೆಗಳ ಹೆಸರನ್ನು ಬಾವಿ, ಕೆರೆಗಳ ಜೊತೆ ಬಿಡಿಸಿ ಬರೆದಿರುವುದು ಸುಮ್ಮನೆ ಅಲ್ಲ. ಪರಿಶಿಷ್ಟರಿಗೆ ರೂಢಿಯ ದಾರಿ ತಡೆಯುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಇವತ್ತಿಗೂ ಬಿಗಿಯಾದ ದಾರಿ ತಕರಾರು ಯಾವುದು ಎಂದು ಕಂದಾಯ ನೌಕರರನ್ನು ಕೇಳಿ, ಸ್ಮಶಾನದ್ದು ಎನ್ನುತ್ತಾರೆ. ಬದುಕಿದ್ದವನನ್ನು ಸುತ್ತು ಹಾಕಿಸಬಹುದು, ಹೆಣ ಹೊತ್ತವರನ್ನು ಕೆಸರಿನ ಗದ್ದೆಯಲ್ಲಿ ನಿಲ್ಲಿಸಲಾಗುವುದಿಲ್ಲ. ಆದರೂ ನಿಲ್ಲಿಸಿದ್ದಾರೆ.

ಚೌಕಟ್ಟು: ನಡೆದು ಗೆದ್ದವರು

ಇಂಗ್ಲೆಂಡಿನ ಕಿಂಡರ್ ಸ್ಕೌಟ್ ಬೆಟ್ಟದಲ್ಲಿ 1932ರ ಏಪ್ರಿಲ್ 24ರಂದು ನೂರಾರು ಜನ ಜಮೀನ್ದಾರರ ಬೇಟೆಯ ಬಯಲಿಗೆ ಬೇಕೆಂದೇ ನುಗ್ಗಿ ನಡೆದರು. ಐವರಿಗೆ ಜೈಲಾಯಿತು. 1949ರ ಕಾಯ್ದೆ ಪ್ರತಿ ಕೌಂಟಿಯೂ ಸಾರ್ವಜನಿಕ ದಾರಿಗಳ ಅಧಿಕೃತ ನಕಾಶೆ ಮಾಡಬೇಕೆಂದಿತು. ಇಂಗ್ಲೆಂಡ್, ವೇಲ್ಸ್ ಸೇರಿ ಇಂಥ ದಾರಿ ಸುಮಾರು 2,25,000 ಕಿ.ಮೀ. 2026ರ ಜನವರಿ 1ರೊಳಗೆ ದಾಖಲಾಗದ ಹಳೆಯ ದಾರಿಗಳ ಹಕ್ಕು ಹೋಗುತ್ತದೆ ಎಂದು 2000ದ ಕಾಯ್ದೆ ಗಡುವು ಹಾಕಿತ್ತು. ಆಮೇಲೆ 2031ಕ್ಕೆ ಮುಂದೂಡಿದ್ದ ಆ ಗಡುವನ್ನೇ ತೆಗೆಯುವುದಾಗಿ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಹೇಳಿತು. ಅಲ್ಲಿ ಜನ ದಾರಿ ಕೇಳಿದ್ದು ಬಹುಪಾಲು ವಿಹಾರಕ್ಕೆ. ಇಲ್ಲಿ ಕೇಳುತ್ತಿರುವುದು ಗೊಬ್ಬರ ಸಾಗಿಸಲು.

ಸುತ್ತೋಲೆ ಬಂತು, ಆಮೇಲೆ?

2023ರಲ್ಲಿ ಕಂದಾಯ ಇಲಾಖೆ ಸುತ್ತೋಲೆ ಹೊರಡಿಸಿತು: ನಕಾಶೆ ಕಂಡ ಕಾಲುದಾರಿ, ಬಂಡಿದಾರಿ ಒತ್ತುವರಿಯಾಗಿದ್ದರೆ ತೆರವು ಮಾಡಿಸಿ, ರೈತರು ಹೊಲಕ್ಕೆ ಹೋಗಿಬರಲು ಅನುವು ಮಾಡಿಕೊಡಬೇಕು ಎಂದು ತಹಶೀಲ್ದಾರರಿಗೆ ಸೂಚನೆ. ಉದ್ಯೋಗ ಖಾತ್ರಿಯ ದುಡ್ಡಿನಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂದು ಮಣ್ಣು ರಸ್ತೆಗಳೂ ಆಗಿವೆ. ಎರಡೂ ಒಳ್ಳೆಯ ಕೆಲಸಗಳೇ.

ಕೊರತೆ ಇರುವುದು ಕ್ರಮದಲ್ಲಿ. ಎಲ್ಲವೂ ಅರ್ಜಿಯಿಂದ ಶುರುವಾಗುತ್ತದೆ. ಅರ್ಜಿ ಕೊಟ್ಟವನು ಪಕ್ಕದ ಹೊಲದವನ ಮೇಲೆ ದೂರು ಕೊಟ್ಟಂತೆ. ಅರ್ಜಿಗೆ ಸರ್ವೆ, ಸರ್ವೆಗೆ ನೋಟಿಸ್, ನೋಟಿಸ್‌ಗೆ ತಡೆಯಾಜ್ಞೆ; ಅಷ್ಟರಲ್ಲಿ ಎರಡು ಮುಂಗಾರು ಮುಗಿದಿರುತ್ತದೆ. ಊರಲ್ಲಿ ಎರಡು ಪಕ್ಷವಾಗಿರುತ್ತದೆ. ದಾರಿ ಸರ್ಕಾರದ್ದಾದರೆ ಅದನ್ನು ಕಾಯುವ ಹೊಣೆ ಒಬ್ಬ ರೈತನ ತಲೆಗೆ ಯಾಕೆ?

ಮಾಡಬೇಕಾದದ್ದು ಕಷ್ಟದ್ದಲ್ಲ. ಸುಗ್ಗಿ ಮುಗಿದು ಹೊಲ ಬಯಲಾದ ಜನವರಿ, ಫೆಬ್ರವರಿಯಲ್ಲಿ ಸರ್ವೆಯರ್, ಗ್ರಾಮ ಆಡಳಿತಾಧಿಕಾರಿ, ಪಂಚಾಯಿತಿ ಸದಸ್ಯರು ನಕಾಶೆ ಹಿಡಿದು ಊರಿನ ಎಲ್ಲ ಚುಕ್ಕಿಸಾಲಿನ ಮೇಲೂ ಒಮ್ಮೆ ನಡೆಯಲಿ. ಅರ್ಜಿ ಬೇಡ, ದೂರು ಬೇಡ. ದಾರಿ ಹೋಗುವ ಕಡೆಯೆಲ್ಲ ಕಲ್ಲು ನೆಡಲಿ. ತನ್ನ ಹೊಲಕ್ಕೆ ಮಾತ್ರ ಆಗುತ್ತಿಲ್ಲ, ಇಡೀ ಊರಿಗೆ ಆಗುತ್ತಿದೆ ಎಂದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಸರಪಳಿ ಎಳೆದುಕೊಂಡು ಈ ಸೀಮೆಯನ್ನು ಅಳೆದವರಿಗೆ ಆದದ್ದು, ಉಪಗ್ರಹ ನೋಡಿ ಅಳೆಯುವವರಿಗೆ ಆಗದೆ ಇರುವುದೇ?

ಅಲ್ಲಿಯವರೆಗೆ ಓದುಗರಿಗೆ ಮೂರು ಮಾತು. ಹೊಲ ಕೊಳ್ಳುವವರು ಪಹಣಿಯ ಜೊತೆ ಗ್ರಾಮ ನಕಾಶೆಯನ್ನೂ ತೆಗೆಸಿ ನೋಡಿ. ಪಾಲು ಮಾಡಿಕೊಳ್ಳುವವರು ದಾರಿಯ ಅಗಲವನ್ನು ಅಡಿಯ ಲೆಕ್ಕದಲ್ಲಿ ಪಾಲುಪತ್ರದಲ್ಲೇ ಬರೆಸಿ, ‘ಕಾಲ್ನಡಿಗೆ’ಯೋ ‘ವಾಹನ ಸಹಿತ’ವೋ ಎಂಬುದನ್ನೂ ಸೇರಿಸಿ. ನಡೆಯುತ್ತಿದ್ದ ದಾರಿಗೆ ಬೇಲಿ ಬಿದ್ದು ಗಲಾಟೆಯಾಗುವ ಹಾಗಿದ್ದರೆ ತಹಶೀಲ್ದಾರರು ದಂಡಾಧಿಕಾರಿಯಾಗಿ ವಿಚಾರಣೆ ಮಾಡಬಹುದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 147ನೇ ಪ್ರಕರಣ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166 ಆಗಿದೆ. ವರ್ಷವಿಡೀ ಬಳಸುವ ದಾರಿಯಾದರೆ ದೂರಿಗೆ ಮುಂಚಿನ ಮೂರು ತಿಂಗಳೊಳಗೆ ನೀವು ಅದರಲ್ಲಿ ನಡೆದಿರಬೇಕು. ಸುಗ್ಗಿ, ಬಿತ್ತನೆಗೆ ಮಾತ್ರ ಬಳಸುವ ದಾರಿಯಾದರೆ ಹಿಂದಿನ ಹಂಗಾಮಿನಲ್ಲಿ ನಡೆದಿರಬೇಕು. ಹಿರಿಯರ ಪಂಚಾಯಿತಿ, ರಾಜಿ ಮಾತು ಎಲ್ಲ ನಡೆಯಲಿ. ಆದರೆ ಬೇಲಿ ಬಿದ್ದ ತಾರೀಖು ಬರೆದಿಟ್ಟುಕೊಳ್ಳಿ, ಮೂರು ತಿಂಗಳು ಮುಗಿಯುವ ಮುಂಚೆ ಅರ್ಜಿ ಕೊಡಿ.